ಹೊಸಿಲಿದ್ದ ಗಾಡಿ

ಎರಡು ನಿಂಬೆಹಣ್ಣು ಕೇಳಿದ್ದೇ ತಪ್ಪಾಯಿತು. ಸೂಪರ್ ಮಾರ್ಕೆಟ್ಟಿಗೆ ಹೋಗಿ ಬಾಯಿ ಬಿಡದೆ ಎತ್ತಿಕೊಂಡು ಬಂದಿದ್ದರೆ ಆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಶಶಿಕಾಂತ ಕನಕಪುರ ರಸ್ತೆಯಾಚೆಯ ಯಾವುದೋ ಕೆರೆ ದಂಡೆಯಲ್ಲಿ ಅಂಗಾತ ಮಲಗಿರುತ್ತಿದ್ದ. ಆದರೆ ಅವನು ಕೇಳಿದ್ದು ಮುನಿಯಕ್ಕನನ್ನು. ಇಟ್ಟಮಡುವಿನ ಆ ಬೀದಿಯ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ತರಕಾರಿ ಮಾರುವ ಮುನಿಯಕ್ಕ, ಕಾರಣ ಕೇಳದೆ ಒಂದು ಎಸಳು ಕೊತ್ತಂಬರಿಯನ್ನೂ ಕೊಟ್ಟವಳಲ್ಲ.

"ಎರಡೇ ಏನಕ್ಕೆ ಸಾರ್? ದೃಷ್ಟಿ ತೆಗೆಯಕ್ಕಾ?"

"ಚಕ್ರದ ಕೆಳಗೆ ಇಡೋಕೆ ಅಕ್ಕಾ. ಗಾಡಿ ಇವತ್ತು ಮೊದಲ್ನೇ ಸಲ ಆಚೆ ಹೋಗ್ತಾ ಇದೆ."

"ಯಾವ ಗಾಡಿ? ಆ ತಗಡಿನ ಮನೆನಾ?"

"ಹೂಂ ಅಕ್ಕಾ, ಅದೇ," ಎಂದ ಶಶಿಕಾಂತ.

ಇಲ್ಲ ಎನ್ನುವುದು ಅವನ ನಾಲಿಗೆಗೆ ಮರೆತೇ ಹೋಗಿತ್ತು. ಜಯನಗರದಲ್ಲಿ ನೀರಿನ ಫಿಲ್ಟರ್ ಮಾರುವ ಒಂದು ಕಂಪನಿಯ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಫೋನು ಸಿಕ್ಕಿಸಿಕೊಂಡು, ನೀರು ಕಹಿ ಎಂದವರಿಗೂ ನೀರು ಸಿಹಿ ಎಂದವರಿಗೂ "ನೀವು ಹೇಳೋದು ಸರಿ ಸಾರ್" ಎನ್ನುವುದಕ್ಕೇ ಸಂಬಳ. ಮನೆಗೆ ಬಂದರೆ ಒಂದು ಕಡೆ ಪಕ್ಕದವರ ಟಿವಿ, ಇನ್ನೊಂದು ಕಡೆ ಎದುರು ಮನೆಯ ಬೋರ್‌ವೆಲ್ಲು. ಅವನು ಒಳ್ಳೆಯ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ ಅವನಿಗೇ ನೆನಪಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲದ, ಯಾರೂ ಏನೂ ಕೇಳದ ಒಂದು ಜಾಗದಲ್ಲಿ ಒಂದೇ ಒಂದು ರಾತ್ರಿ ಮಲಗಬೇಕು. ಅಷ್ಟಕ್ಕೇ ಅವನು ಆ ಟ್ರೇಲರ್ ಕಟ್ಟಿಸಲು ಹೊರಟಿದ್ದು.

ಹೋಟೆಲಿಗೆ ಹೋಗಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಹೆಂಡತಿ ಮೇಘಶ್ರೀಯೂ ಅದನ್ನೇ ಕೇಳಿದಳು. ಆದರೆ ಅಷ್ಟು ಹೊತ್ತಿಗೆ ಅವನು ಹೊರದೇಶದವರು ಕಾಡುಮೇಡಿನಲ್ಲಿ ಜೀಪಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರುಗಳ ವಿಡಿಯೋ ನೋಡಿ ಕೆಟ್ಟಿದ್ದ. ಹಿಂದಿನ ಬಾಗಿಲು ತೆರೆದರೆ ಅಡುಗೆಮನೆ, ಮೇಲೆ ಬಿಚ್ಚಿದರೆ ಟೆಂಟು, ಹೊಟ್ಟೆಯಲ್ಲಿ ನೀರಿನ ಟ್ಯಾಂಕು, ಮಡಚಿದರೆ ಸಾಮಾನು ಸಾಗಿಸುವ ಗಾಡಿ. ಅಂಥದ್ದನ್ನು ಮಾಡುವವರ ಬಳಿ ವಿಚಾರಿಸಿದ. ಅವರು ಹೇಳಿದ ರೇಟು ಕೇಳಿ ಅಲ್ಲೇ ಕುರ್ಚಿ ಹಿಡಿದುಕೊಂಡು ಕುಳಿತ. ಆಮೇಲೆ ಗುಜರಿಗೆ ಹೋಗಿ ಹಳೆಯ ವ್ಯಾನೊಂದರ ಆಕ್ಸಲ್ ತಂದ, ಯಾವುದೋ ಗೂಡ್ಸ್ ಆಟೋದ ಪಟ್ಟಿ ಸ್ಪ್ರಿಂಗ್ ತಂದ, ಟೆಂಟಿಗೆ ಕಂಬದಿಂದ ಬಿಚ್ಚಿ ಬಿಸಾಡಿದ್ದ ಹುಟ್ಟುಹಬ್ಬದ ಫ್ಲೆಕ್ಸ್ ತಂದ. ಎಲ್ಲವನ್ನೂ ಬೆಸೆಯಲು ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯ ಚಿನ್ನಪ್ಪನನ್ನು ಹಿಡಿದ.

ಚಿನ್ನಪ್ಪ ವಿಡಿಯೋಗಳನ್ನೆಲ್ಲ ಬಹಳ ಶ್ರದ್ಧೆಯಿಂದ ನೋಡಿದ. ನೋಡಿ, ತನಗೆ ಬರುವುದನ್ನು ಮಾಡಿದ. ಅವನಿಗೆ ಬರುತ್ತಿದ್ದದ್ದು ಮನೆಗಳ ಗೇಟು ಮತ್ತು ಕಿಟಕಿ. ಹೀಗಾಗಿ ಕಾಡುಮೇಡು ಸುತ್ತಬೇಕಾದ ಟ್ರೇಲರಿಗೆ ಸೂರ್ಯೋದಯದ ಡಿಸೈನಿನ ಗ್ರಿಲ್ಲು ಬಂತು, ಕಿಟಕಿಯ ಮೇಲೆ ಪುಟ್ಟ ಸಜ್ಜಾ ಬಂತು, ಹಿಂಬಾಗಿಲಿಗೆ ಚೌಕಟ್ಟು ಬಂತು, ಚೌಕಟ್ಟಿಗೊಂದು ಹೊಸಿಲೂ ಬಂತು.

"ಹೊಸಿಲು ಯಾಕೆ ಚಿನ್ನಪ್ಪಾ?" ಎಂದು ಶಶಿಕಾಂತ ಸುಸ್ತಾಗಿ ಕೇಳಿದ್ದ.

"ಹೊಸಿಲಿಲ್ದೆ ಬಾಗಿಲು ನಿಲ್ಲತ್ತಾ ಸಾರ್? ನೀವೇ ಹೇಳಿ."

"ನೀವು ಹೇಳೋದು ಸರಿ," ಎಂದಿದ್ದ ಶಶಿಕಾಂತ.

ಯುಗಾದಿಗೆ ಶುರುವಾದದ್ದು ಕಾರ್ತಿಕ ಮಾಸಕ್ಕೆ ಮುಗಿಯಿತು. ಅಷ್ಟು ದಿನವೂ ಅದು ಅವರ ಬಾಡಿಗೆಯ ಮಹಡಿ ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ, ಮೇಘಶ್ರೀ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ, ನಿಂತಿತ್ತು. ಸ್ಕೂಟರ್ ಬೀದಿಯಲ್ಲಿ ನಿಂತು ಬಿಸಿಲಿಗೆ ಬಣ್ಣ ಕಳೆದುಕೊಂಡಿತು, ಮೇಘಶ್ರೀ ತಾಳ್ಮೆ ಕಳೆದುಕೊಂಡಳು. "ಈ ಶನಿವಾರ ಅದು ಗೇಟು ದಾಟಬೇಕು. ದಾಟ್ಲಿಲ್ಲ ಅಂದ್ರೆ ಭಾನುವಾರ ಗುಜರಿಯವನು ಬರ್ತಾನೆ. ಮಾತಾಡಿ ಆಗಿದೆ," ಎಂದು ಗುರುವಾರವೇ ಹೇಳಿದ್ದಳು. ಅವಳು ಹೇಳಿದರೆ ಹೇಳಿದ ಹಾಗೆಯೇ. ಹಾಗಾಗಿ ಆಫೀಸಿನ ಗೆಳೆಯ ಬಸವಂತ ತನ್ನ ಮಾವನ ಜೀಪನ್ನು ಒಂದು ದಿನಕ್ಕೆ ಇಸಿದುಕೊಂಡು ಬಿಟಿಎಂನಿಂದ ಹತ್ತು ಗಂಟೆಗೆ ಬರುವುದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಡುವುದು ಎಂದು ತೀರ್ಮಾನವಾಗಿತ್ತು. ನಿಂಬೆಹಣ್ಣಿನ ಮಾತು ಮೇಘಶ್ರೀಯದೇ.

ಮುನಿಯಕ್ಕ ನಿಂಬೆಹಣ್ಣು ಕೊಡಲಿಲ್ಲ. ತಳ್ಳುಗಾಡಿಯ ಮೇಲೆ ಗೋಣಿಚೀಲ ಮುಚ್ಚಿ, ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆಯೇ ಬಂದಳು. ಟ್ರೇಲರಿನ ಹಿಂದೆ ನಿಂತು ಹೊಸಿಲನ್ನು ನೋಡಿದಳು. ಗಲ್ಲ ಗಲ್ಲ ಬಡಿದುಕೊಂಡಳು.

"ಹೊಸಿಲಿರೋದನ್ನ ನಿಂಬೆಹಣ್ಣು ತುಳಿಸ್ತೀರಾ ಸಾಮಿ? ಮನೆನ ಯಾರಾದ್ರೂ ನಿಂಬೆಹಣ್ಣು ತುಳಿಸ್ತಾರಾ? ಲಕ್ಷ್ಮಿ ಇರ್ತಾಳಾ ಆಮೇಲೆ?"

"ಅಕ್ಕಾ, ಇದು ಟ್ರೇಲರ್..."

"ಏನು ಮುನಿಯಕ್ಕಾ ಗಲಾಟೆ?" ಎಂದು ಕೆಳಗಿನ ಮನೆಯ ಬಾಗಿಲು ತೆರೆಯಿತು. ಹಣೆಗೆ ಆಗಷ್ಟೇ ವಿಭೂತಿ ಹಚ್ಚಿಕೊಂಡು, ಹೆಗಲ ಮೇಲೆ ಬಿಳಿ ಟವೆಲ್ ಹಾಕಿಕೊಂಡು ಮನೆ ಮಾಲೀಕರಾದ ಚನ್ನಬಸವಯ್ಯನವರು ಹೊರಬಂದರು. ಶಶಿಕಾಂತ ಟ್ರೇಲರಿಗೆ ಅಡ್ಡ ನಿಂತ. ಬಟ್ಟೆ ಅಂಗಡಿ ನಡೆಸಿ ನಿವೃತ್ತರಾದ ಅವರು ಶಿವಪೂಜೆ, ಮಠ, ದಾಸೋಹ ಎಂದು ಇರುವವರು. ತಮ್ಮ ಪಾರ್ಕಿಂಗಿನಲ್ಲಿ ಇಂಥ ಒಂದು ವಸ್ತು ಬೆಳೆಯುತ್ತಿದ್ದರೂ ಒಂದು ದಿನ ಒಂದು ಮಾತು ಆಡಿರಲಿಲ್ಲ. ಆ ಮೌನಕ್ಕೇ ಅವನು ಇಷ್ಟು ದಿನ ಹೆದರಿದ್ದ.

ಮುನಿಯಕ್ಕ ದೂರು ಒಪ್ಪಿಸಿದಳು. ಚನ್ನಬಸವಯ್ಯನವರು ಟ್ರೇಲರನ್ನು ಒಂದು ಸುತ್ತು ಬಂದರು.

"ಶಶಿಕಾಂತ್ ಅವರೇ, ಇದಕ್ಕೆ ಎಂಜಿನ್ ಇದೆಯೇ?"

"ಇಲ್ಲ ಸಾರ್."

"ಸ್ಟೇರಿಂಗು?"

"ಇಲ್ಲ."

"ಒಲೆ ಇದೆ ಅಲ್ವಾ? ನೀರಿನ ಟ್ಯಾಂಕ್ ಇದೆ. ಮಲಗೋಕೆ ಜಾಗ ಇದೆ. ಬಾಗಿಲು, ಕಿಟಕಿ, ಸಜ್ಜಾ ಎಲ್ಲಾ ಇದೆ. ಹೊಸಿಲಂತೂ ನಮ್ಮ ಮನೆಗಿಂತ ಚೆನ್ನಾಗಿದೆ. ಮುನಿಯಕ್ಕ ಹೇಳೋದ್ರಲ್ಲಿ ತಪ್ಪೇನಿದೆ? ಇದು ಮನೆ. ಹಾಲುಕ್ಕಿಸದೆ ಹೊರಡೋದು ಮಹಾ ತಪ್ಪು."

ಶಶಿಕಾಂತ ಗಡಿಯಾರ ನೋಡಿದ. ಒಪ್ಪಿದಷ್ಟೂ ಬೇಗ ಫೋನಿಡುತ್ತಾರೆ ಎಂಬುದು ದೂರು ವಿಭಾಗದಲ್ಲಿ ಅವನು ಕಲಿತ ಏಕೈಕ ವಿದ್ಯೆ. ಒಂದು ಲೋಟ ಹಾಲು ಉಕ್ಕಲು ಎಷ್ಟು ಹೊತ್ತು ಬೇಕು?

"ನೀವು ಹೇಳೋದು ಸರಿ ಸಾರ್. ಇದು ಮನೇನೇ. ಹಾಲುಕ್ಕಿಸಿಬಿಡೋಣ," ಎಂದ.

ಚನ್ನಬಸವಯ್ಯನವರ ಮುಖ ಅರಳಿತು. ಆಗಲೇ ಫೋನು ತೆಗೆದು, ಪೂಜೆ ಮಾಡಿಸುವ ಬನಶಂಕರಿಯ ಅಯ್ಯನವರಿಗೆ ಬರಹೇಳಿದರು.

ಬಸವಂತ ಜೀಪು ತಂದು ಹಾರನ್ ಹೊಡೆದಾಗ ಗೇಟಿಗೆ ಬಾಳೆಕಂದು ಕಟ್ಟುತ್ತಿದ್ದರು.

"ಏನ್ರಿ ಸರ, ಯಾರದರ ಮದವಿ ಐತೇನು?"

"ಹತ್ತು ನಿಮಿಷ ಬಸವಂತ. ಹಾಲುಕ್ಕಿಸಿ ಹೊರಡೋದು."

"ಟ್ರೇಲರಿಗಿ ಹಾಲ ಉಕ್ಕಸ್ತಾರೇನ್ರಿ? ಪೆಟ್ರೋಲ್ ಹಾಕೋದ ಕೇಳೀನಿ, ಹಾಲ್ ಕೇಳಿಲ್ಲ ನೋಡ್ರಿ," ಎಂದು ಬಸವಂತ ಜೀಪಿನಲ್ಲೇ ಕಾಲು ಚಾಚಿ ಕುಳಿತ.

ಅಯ್ಯನವರು ಬರುವ ಹೊತ್ತಿಗೆ ಹನ್ನೊಂದೂವರೆ. ಸ್ಕೂಟರಿನಿಂದ ಇಳಿದು, ಹೆಲ್ಮೆಟ್ ತೆಗೆದು, ಮನೆ ಎಲ್ಲಿ ಎಂದರು. ತೋರಿಸಿದರು. ಅವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಚನ್ನಬಸವಯ್ಯನವರು ಅವರನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದ ಮೇಲೆ, "ಶಿವನಿಗೆ ಯಾವ ಮನೆಯಾದರೇನು? ಗೋವು ಎಲ್ಲಿ?" ಎಂದರು.

ಗೋವು ಬೇಕೆಂದು ಶಶಿಕಾಂತನಿಗೆ ಯಾರೂ ಹೇಳಿರಲಿಲ್ಲ. ಮುನಿಯಕ್ಕನಿಗೆ ಮಾತ್ರ ಗೊತ್ತಿತ್ತು. ಹಾಲಿನ ಚಲುವರಾಜುವಿನ ಹಸುವಿಗೆ ಅವಳು ಆಗಲೇ ಹೇಳಿ ಕಳಿಸಿದ್ದಳು. ಚಲುವರಾಜು ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಫೋನು ಹಿಡಿದು ಬಂದ. ಹಸು ಗೇಟಿನ ಒಂದು ಬಾಳೆಕಂದನ್ನು ತಿನ್ನುತ್ತಲೇ ಒಳಬಂತು.

ಇತ್ತ ಮೇಘಶ್ರೀ ಕೆಳಗಿಳಿದಳು. ಟ್ರ್ಯಾಕ್ ಪ್ಯಾಂಟಿನಲ್ಲಿ ಕೆರೆ ದಂಡೆಗೆ ಹೊರಟಿದ್ದವಳನ್ನು ಚನ್ನಬಸವಯ್ಯನವರ ಮನೆಯವರು "ಅಯ್ಯೋ, ಗೃಹಿಣಿ ಹೀಗಿರ್ತಾರೇನಮ್ಮಾ" ಎಂದು ವಾಪಸ್ಸು ಕಳಿಸಿ ರೇಷ್ಮೆ ಸೀರೆ ಉಡಿಸಿದ್ದರು. ಅವಳು ಗಂಡನ ಕಡೆ ನೋಡಿದ ನೋಟಕ್ಕೆ ಹಾಲು ಒಲೆಯಿಲ್ಲದೆ ಉಕ್ಕಬೇಕಿತ್ತು.

"ರೀ, ಏನು ನಡೀತಾ ಇದೆ?"

"ಸ್ವಲ್ಪ ತಡ್ಕೋ. ಹಸು ಒಂದು ಬಂದು ಹೋಗಿಬಿಟ್ರೆ ಮುಗೀತು."

ಹಸು ಒಳಗೆ ಹೋಗುವುದೇನೂ ಕಷ್ಟವಿರಲಿಲ್ಲ, ಮುಂದಿನ ಅರ್ಧ ಹೋಗುವವರೆಗೆ. ಅದು ಹಿಂಬಾಗಿಲ ಹೊಸಿಲ ಮೇಲೆ ಮುಂಗಾಲು ಎರಡನ್ನೂ ಇಟ್ಟಿತು. ಎರಡೇ ಚಕ್ರದ ಟ್ರೇಲರು. ಹಿಂದೆ ಭಾರ ಬಿದ್ದದ್ದೇ, ಜೀಪಿಗೆ ಸಿಕ್ಕಿಸುವ ಮುಂದಿನ ಉದ್ದನೆಯ ಕಬ್ಬಿಣದ ಮೂತಿ ರೈಲ್ವೆ ಗೇಟಿನ ಹಾಗೆ ನಿಧಾನವಾಗಿ ಮೇಲೆದ್ದು, ಕಾಂಪೌಂಡಿನ ಮೇಲೆ ಜೋತುಬಿದ್ದಿದ್ದ ಇಂಟರ್‌ನೆಟ್ ಕೇಬಲ್ಲುಗಳ ಗೊಂಚಲಿಗೆ ಸಿಕ್ಕಿಕೊಂಡಿತು. ನೆಲ ಓರೆಯಾದದ್ದಕ್ಕೆ ಹಸು ಬೆಚ್ಚಿ ಹಿಂದಕ್ಕೆ ಹಾರಿತು. ಮೂತಿ ದಡ್ಡೆಂದು ಕೆಳಗೆ ಬಿತ್ತು. ಅದರ ಜತೆಗೆ ಇಡೀ ಬೀದಿಯ ಇಂಟರ್‌ನೆಟ್ಟೂ ಕೆಳಗೆ ಬಂತು.

"ಪ್ರವೇಶ ಪೂರ್ತಿ ಆಗ್ಲಿಲ್ಲವಲ್ಲ ಬುದ್ಧಿ?" ಎಂದಳು ಮುನಿಯಕ್ಕ.

ಅಯ್ಯನವರು ಯೋಚಿಸಿದರು. "ಮನೆ ಅಳತೆಗೆ ತಕ್ಕ ಹಾಗೆ. ಇದಕ್ಕೆ ಅರ್ಧ ಹಸು ಸಾಕು," ಎಂದು ತೀರ್ಪು ಕೊಟ್ಟರು.

ಐದು ನಿಮಿಷದಲ್ಲಿ ಬೀದಿಯ ಎಲ್ಲ ಮನೆಗಳ ಬಾಗಿಲೂ ತೆರೆದವು. ಅಲ್ಲಿ ಇಷ್ಟೊಂದು ಜನ ವಾಸವಿದ್ದಾರೆ ಎಂದು ಶಶಿಕಾಂತನಿಗೆ ಗೊತ್ತೇ ಇರಲಿಲ್ಲ. ಶನಿವಾರವೂ ಮನೆಯಿಂದ ಆಫೀಸು ಕೆಲಸ ಮಾಡುವವರು, ಪಂದ್ಯ ನೋಡುತ್ತಿದ್ದವರು, ಆನ್‌ಲೈನ್ ಪರೀಕ್ಷೆ ಅರ್ಧ ಬರೆದಿದ್ದವರು ಎಲ್ಲರೂ ಬಾಡಿದ ಮುಖ ಹೊತ್ತು ಗೇಟಿಗೆ ಬಂದರು.

"ಅಂಕಲ್, ನೆಟ್ ಕಟ್ ಮಾಡಿದ್ದು ಯಾರು?" ಎಂದು ಒಬ್ಬ ಜೋರಾಗಿಯೇ ಕೇಳಿದ.

ಜಗಳಕ್ಕೆ ಬಂದವರನ್ನು ಚನ್ನಬಸವಯ್ಯನವರು ಕೈಮುಗಿದು ಒಳಗೆ ಕರೆದರು. "ಬನ್ನಿ ಬನ್ನಿ, ನಮ್ಮ ಶಶಿಕಾಂತ್ ಅವರದ್ದು ಗೃಹಪ್ರವೇಶ. ಪ್ರಸಾದ ಮಾಡಿಕೊಂಡೇ ಹೋಗಬೇಕು." ಅಷ್ಟು ಹೊತ್ತಿಗೆ ಅವರದೇ ಅಡುಗೆಮನೆಯಿಂದ ದೊಡ್ಡ ಪಾತ್ರೆಯಲ್ಲಿ ಗೋಧಿ ಹುಗ್ಗಿ ಹೊರಬಂದಿತ್ತು. ಶಶಿಕಾಂತ ಓಡಿಹೋಗಿ ಪಾತ್ರೆಯ ಇನ್ನೊಂದು ಬದಿ ಹಿಡಿದ. ಬೀದಿಯವರ ಕೈಯಿಂದ ತನ್ನನ್ನು ಉಳಿಸಲು ಈ ಮನುಷ್ಯ ಎಷ್ಟೆಲ್ಲ ಓಡಾಡುತ್ತಿದ್ದಾರೆ! ಇಂಥವರಿಗೆ ಇಷ್ಟು ದಿನ ಹೆದರಿದೆನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು.

ಹಾಲು ಉಕ್ಕಿತು. ಸ್ವಲ್ಪ ಹೆಚ್ಚೇ ಉಕ್ಕಿತು. ಎಳೆದರೆ ಹೊರಬರುವ ಒಲೆಯ ಕೆಳಗಿನ ಡ್ರಾಯರಿನಲ್ಲಿ ನೀರಿನ ಪಂಪಿನ ವೈರುಗಳಿದ್ದವು. ಹಾಲು ಅಲ್ಲಿಗೆ ಇಳಿದು ಪಂಪು ಒಮ್ಮೆ ಗೊರಕೆ ಹೊಡೆದು ನಿಂತುಹೋಯಿತು. ಜನ ಚಪ್ಪಾಳೆ ತಟ್ಟಿದರು.

ಮೇಘಶ್ರೀ ಹೊಸಿಲಿಗೆ ಅರಿಶಿನ ಬಳಿದು, ಒಳಗೆ ದೀಪ ಹಚ್ಚಿದ ಮೇಲೆ ಅಯ್ಯನವರು ದಂಪತಿಗಳನ್ನು ಹೊಸಿಲ ಮೇಲೆ ನಿಲ್ಲಿಸಿದರು. ಮೇಲೆ ಬಿಚ್ಚಿದ್ದ ಟೆಂಟಿನ ಒಳಮೈಯಿಂದ ಹುಟ್ಟುಹಬ್ಬದ ಯಾವನೋ ಮುಖಂಡ ಕೈಮುಗಿದು ನಗುತ್ತಿದ್ದ.

"ಇದು ಯಾರ ಮನೆ? ಬಾಯಿ ತುಂಬ ಹೇಳಬೇಕು."

"ನಮ್ಮ ಮನೆ," ಎಂದ ಶಶಿಕಾಂತ ಮೆಲ್ಲಗೆ.

"ಸ್ವಂತ ಮನೆ ಅನ್ನಿ," ಎಂದರು ಪಕ್ಕದಲ್ಲಿದ್ದ ಚನ್ನಬಸವಯ್ಯನವರು, ಫೋನಿನಲ್ಲಿ ವಿಡಿಯೋ ತೆಗೆಯುತ್ತ. "ಜೋರಾಗಿ. ಹಿಂದಿರೋರಿಗೂ ಕೇಳಲಿ."

ಶಶಿಕಾಂತ ಬಸವಂತನ ಜೀಪಿನ ಕಡೆ ಆಸೆಯಿಂದ ನೋಡಿ, ಇದೊಂದು ಮುಗಿದರೆ ಹೊರಡಬಹುದೆಂದು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ. "ಇದು ನಮ್ಮ ಸ್ವಂತ ಮನೆ!"

ಮತ್ತೆ ಚಪ್ಪಾಳೆ. ಪ್ರಸಾದ ಉಂಡವರಿಗೆ ಬರಿಗೈಯಲ್ಲಿ ಹೋಗಲು ಸಂಕೋಚವಾಗಿ, ಮನೆಗೆ ಓಡಿಹೋಗಿ, ತಮಗೆ ಯಾರೋ ಕೊಟ್ಟು ಬಿಚ್ಚದೆ ಇಟ್ಟಿದ್ದ ಉಡುಗೊರೆಗಳನ್ನು ತಂದುಕೊಟ್ಟರು. ಗಾಡಿಯೊಳಗೆ ನಿಲ್ಲಲು ಜಾಗವಿಲ್ಲದಿದ್ದರೂ ಗೋಡೆ ಗಡಿಯಾರಗಳು ಮೂರು ಬಂದವು. "ಈ ಕಾಲದಲ್ಲಿ ಬೆಂಗಳೂರಲ್ಲಿ ಸ್ವಂತ ಮನೆ ಅಂದ್ರೆ ಸುಮ್ನೇನಾ ಗುರು," ಎಂದು ನೆಟ್ ಕಟ್ ಆದವನೇ ಅವನ ಕೈ ಕುಲುಕಿದ.

ಮಧ್ಯಾಹ್ನ ಮೂರಾಗಿತ್ತು. ಶಶಿಕಾಂತ ಟೆಂಟು ಮಡಚಲು ಹೋದ.

"ಏನು ಮಾಡ್ತಾ ಇದೀರಾ?" ಎಂದರು ಅಯ್ಯನವರು ಹೆಲ್ಮೆಟ್ ಹಾಕಿಕೊಳ್ಳುತ್ತ.

"ಹೊರಡ್ತೀವಿ ಬುದ್ಧಿ."

"ದೀಪ ಹಚ್ಚಿದ ಮನೆಯನ್ನ ಅಲ್ಲಾಡಿಸ್ತಾರೇನ್ರೀ? ಇವತ್ತು ರಾತ್ರಿ ನೀವಿಬ್ಬರೂ ಇದರಲ್ಲೇ ಮಲಗಬೇಕು. ದೀಪ ಆರಬಾರದು."

ಬಸವಂತ ಜೀಪಿನಿಂದ ಇಳಿದ. ಎರಡು ಸಲ ಹುಗ್ಗಿ ಉಂಡು ಅವನಿಗೂ ಕಣ್ಣು ಎಳೆಯುತ್ತಿತ್ತು. "ಸರ, ಸಂಜೀಕ ಗಾಡಿ ಮಾವಗ ತಿರಗಿ ಕೊಡಬೇಕ್ರಿ. ಇಲ್ಲಂದ್ರ ನನ್ನ ಮನ್ಯಾಗ ನನಗ ಪ್ರವೇಶ ಇಲ್ಲ," ಎಂದು ಕೈಮುಗಿದು ಹೊರಟುಹೋದ. ಜೀಪಿನ ಸದ್ದು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಶಶಿಕಾಂತ ಗೇಟು ಹಿಡಿದು ನಿಂತಿದ್ದ. ಅಳು ಬರುವ ಹಾಗಾಗಿತ್ತು. ಅಳಲೂ ಶಕ್ತಿ ಇರಲಿಲ್ಲ.

ಹೋಗಿ ಹೊಸಿಲ ಮೇಲೆ ಕುಳಿತ. ಮೇಘಶ್ರೀ ಬಂದು ಪಕ್ಕದಲ್ಲಿ ಕುಳಿತಳು. ಸೀರೆಯ ಅಂಚಿಗೆ ಹಾಲು ಸಿಡಿದಿತ್ತು.

"ಗುಜರಿಯವನಿಗೆ ಫೋನ್ ಮಾಡಿದೆ," ಎಂದಳು.

ಶಶಿಕಾಂತ ಹೊಸಿಲ ಅರಿಶಿನವನ್ನು ಉಗುರಿನಿಂದ ಕೆರೆದ.

"ಬರಬೇಡ ಅಂದೆ. ನನ್ನ ಕೈಯಾರೆ ಹೊಸಿಲಿಗೆ ಅರಿಶಿನ ಹಚ್ಚಿ ಆಮೇಲೆ ತೂಕಕ್ಕೆ ಹಾಕೋಕೆ ಮನಸ್ಸು ಬರಲ್ಲ. ಇವತ್ತಿಲ್ಲೇ ಮಲಗೋಣ ಬಿಡಿ. ಮುಂದಿನ ವಾರ ಹೋದ್ರಾಯ್ತು."

ಬೆಳಗಿನಿಂದ ಅವನ ಕಿವಿಗೆ ಬಿದ್ದ ಮೊದಲ ಒಳ್ಳೆಯ ಮಾತು ಅದು. ಗಾಡಿ ಉಳಿಯಿತು. ಮುಂದಿನ ಶನಿವಾರವೂ ಕೆರೆ ಅಲ್ಲೇ ಇರುತ್ತದೆ. ಇಂಟರ್‌ನೆಟ್ ಇಲ್ಲದ್ದಕ್ಕೆ ಪಕ್ಕದವರ ಟಿವಿಯೂ ನಿಂತಿತ್ತು, ಬೀದಿ ಅಪರೂಪಕ್ಕೆ ಸದ್ದಿಲ್ಲದೆ ಇತ್ತು. ಅವನಿಗೆ ಅಲ್ಲೇ ತೂಕಡಿಕೆ ಬಂತು.

"ಶಶಿಕಾಂತ್ ಅವರೇ."

ಚನ್ನಬಸವಯ್ಯನವರು ಎದುರಿಗೆ ಬಂದು ನಿಂತಿದ್ದರು. ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಇವನು ದಡಬಡಿಸಿ ಎದ್ದ.

"ಸಾರ್, ನೀವು ಇವತ್ತು ಮಾಡಿದ್ದನ್ನ ಸ್ವಂತ ತಂದೇನೂ ಮಾಡಲ್ಲ."

"ನಂದೇನಿದೆ, ಎಲ್ಲಾ ಶಿವನಿಚ್ಛೆ. ಒಂದು ಮಾತು ಹೇಳ್ಬೇಕಿತ್ತು. ನಮ್ಮ ತಾಯಿ ಲಿಂಗೈಕ್ಯರಾಗೋ ಮುಂಚೆ ಲಿಂಗ ಮುಟ್ಟಿಸಿ ನನ್ನ ಹತ್ರ ಮಾತು ತಗೊಂಡಿದ್ರು. ಸ್ವಂತ ಮನೆ ಇಲ್ದೋರನ್ನ ಯಾವತ್ತೂ ಮನೆ ಬಿಡಿಸಬೇಡ ಅಂತ. ಅವರು ಬಾಡಿಗೆ ಮನೇಲಿ ಬಹಳ ಕಷ್ಟಪಟ್ಟೋರು."

"ದೊಡ್ಡ ಮನಸ್ಸು ಸಾರ್."

"ನನ್ನ ಮಗಳು ಉಮಾಮಹೇಶ್ವರಿ ಇದಾಳಲ್ಲ, ತುಮಕೂರಲ್ಲಿ. ಗಂಡನಿಗೆ ಇಲ್ಲಿಗೇ ವರ್ಗ ಆಗಿ ಒಂದು ವರ್ಷ ಆಯ್ತು. ದಿನಾ ಫೋನ್ ಮಾಡಿ, ಅಪ್ಪಾಜಿ ಮೇಲಿನ ಮನೆ ಕೊಡಿ ಅಂತ ಅಳ್ತಾಳೆ. ನಾನೇನು ಮಾಡ್ಲಿ? ಮಾತು ಕೊಟ್ಟಿದೀನಿ. ನಿಮ್ಮನ್ನ ಹೋಗಿ ಅನ್ನೋ ಹಾಗಿಲ್ಲ. ದಿನಾ ಬೆಳಗ್ಗೆ ಪೂಜೇಲಿ ಕೂತು ಶಿವನ್ನ ಕೇಳ್ತಿದ್ದೆ, ಇವರಿಗೊಂದು ಸ್ವಂತ ಮನೆ ಕೊಡಪ್ಪಾ ಅಂತ. ಚಿನ್ನಪ್ಪ ಆ ಹೊಸಿಲು ಕೂರಿಸಿದ ದಿವಸ ನನಗೆ ದಾರಿ ಕಾಣ್ತು."

ಶಶಿಕಾಂತನ ನಿದ್ದೆ ಹಾರಿಹೋಯಿತು. "ಸಾರ್... ಇದು ಟ್ರೇಲರ್ ಸಾರ್," ಎಂದ. ಬೆಳಗ್ಗೆ ಮುನಿಯಕ್ಕನಿಗೆ ಹೇಳಬೇಕಿದ್ದ ಮಾತು ಅವನ ಬಾಯಿಂದ ಪೂರ್ತಿಯಾಗಿ ಹೊರಬಿದ್ದದ್ದು ಆಗ.

"ಹಾಗನ್ನಬಾರದು," ಎಂದು ಚನ್ನಬಸವಯ್ಯನವರು ಮೃದುವಾಗಿ ಅವನ ಹೆಗಲು ತಟ್ಟಿದರು. "ಹಾಲುಕ್ಕಿದೆ, ದೀಪ ಹಚ್ಚಿದೆ. ಇಡೀ ಬೀದಿ ಮುಂದೆ ಸ್ವಂತ ಮನೆ ಅಂತ ನೀವೇ ಬಾಯಾರೆ ಹೇಳಿದೀರಿ. ವಿಡಿಯೋ ನೋಡಿ ಉಮಾ ಆಗಲೇ ಸಾಮಾನು ಕಟ್ಟೋಕೆ ಶುರು ಮಾಡಿದಾಳೆ. ಧನುರ್ಮಾಸ ಬಂದ್ರೆ ಮನೆ ಬದಲಾಯಿಸೋ ಹಾಗಿಲ್ಲ ನೋಡಿ, ಅಷ್ಟರೊಳಗೆ ಮಾಡಿಬಿಡಿ. ಅಡ್ವಾನ್ಸಲ್ಲಿ ಪೇಂಟಿಂಗ್‌ಗೆ ಅಂತ ಏನೂ ಹಿಡ್ಕೊಳಲ್ಲ. ನೀವು ನಮ್ಮ ಮನೆ ಮಕ್ಕಳಿದ್ದ ಹಾಗೆ."

ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ಹಾಂ, ಅಳಿಯಂದಿರ ಹತ್ರ ಕಾರಿದೆ. ನಿಮ್ಮ ಮನೇನ ಪಾರ್ಕಿಂಗಿಂದ ಸ್ವಲ್ಪ ಬೇಗ ತೆಗೆದ್ರೆ ಉಪಕಾರ ಆಗುತ್ತೆ."

ಕೆಳಗಿನ ಮನೆಯ ಬಾಗಿಲು ಹಾಕಿಕೊಂಡಿತು. ಮೇಘಶ್ರೀ ಎದ್ದು ಟ್ರೇಲರಿನೊಳಗೆ ತಲೆ ಹಾಕಿ ಈ ಗೋಡೆಯಿಂದ ಆ ಗೋಡೆಗೆ ಮೊಳಕೈಯಿಂದ ಅಳೆದು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ರೀ, ವಾಷಿಂಗ್ ಮಷೀನ್ ಎಲ್ಲಿಡೋಣ?"